ಕ್ಯಾಂಪ್ಕೊ ಚಾಕೊಲೇಟ್

ಕ್ಯಾಂಪ್ಕೊ ಚಾಕೊಲೇಟ್ ಎಂಬುದು ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ಸಮೀಪದ ಕೆಮ್ಮಿಂಜೆಯಲ್ಲಿರುವ ಸಹಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಚಾಕೊಲೇಟ್ ಬಾರ್‌ಗಳು, ಮಿಠಾಯಿಗಳು ಮತ್ತು ಕೊಕ್ಕೊ ಉತ್ಪನ್ನಗಳಿಗಿರುವ ಸಾಮಾನ್ಯ ಹೆಸರು. ಮಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕ್ಯಾಂಪ್ಕೊ ಎಂಬ ಅಡಿಕೆ ಮತ್ತು ಕೊಕ್ಕೊ ಬೆಳೆಗಾರರ ಬಹುರಾಜ್ಯ ಸಹಕಾರಿ ಸಂಸ್ಥೆ ಇದರ ಒಡೆತನ ಹೊಂದಿದೆ. ಕಾರ್ಖಾನೆಯು 1986ರಲ್ಲಿ ಆರಂಭವಾಯಿತು.

ಜಗತ್ತಿನ ಹೆಚ್ಚಿನ ಪ್ರಸಿದ್ಧ ಚಾಕೊಲೇಟ್ ಬಾರ್‌ಗಳು ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳಲ್ಲಿ ಹುಟ್ಟಿದವು. ಅವುಗಳಿಗೆ ಬೇಕಾದ ಕೊಕ್ಕೊ ಬೀಜ ದೂರದ ಉಷ್ಣವಲಯದ ತೋಟಗಳಿಂದ ಬರುತ್ತಿತ್ತು. ಪುತ್ತೂರಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ಕ್ರಮ. ಅಲ್ಲಿ ಮೊದಲು ಬೆಳೆ ಬಂದಿತು, ಬಳಿಕ ಆ ಬೆಳೆಯ ಬೆಲೆ ಕುಸಿಯಿತು, ಕೊಳ್ಳುವವರಿಲ್ಲದ ಬೀಜಕ್ಕೆ ಬಳಕೆಯ ದಾರಿ ಕಲ್ಪಿಸಲು ಬೆಳೆಗಾರರ ಸಂಸ್ಥೆಯೇ ಚಾಕೊಲೇಟ್ ತಯಾರಿಕೆಗೆ ಇಳಿಯಿತು. ಈ ಕಾರಣದಿಂದ ಕ್ಯಾಂಪ್ಕೊ ಚಾಕೊಲೇಟ್‌ನ ಇತಿಹಾಸವು ಒಂದು ತಿನಿಸಿನ ಇತಿಹಾಸವಾಗಿರುವಂತೆಯೇ ಕರಾವಳಿ ಕರ್ನಾಟಕ ಮತ್ತು ಕಾಸರಗೋಡು ಪ್ರದೇಶದ ಕೃಷಿಯ ಇತಿಹಾಸವೂ ಆಗಿದೆ.

ಹೆಸರು ಮತ್ತು ಪದಬಳಕೆ

ಕ್ಯಾಂಪ್ಕೊ ಎಂಬುದು ಸಂಸ್ಥೆಯ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ. ಕೇಂದ್ರೀಯ ಅಡಿಕೆ ಮತ್ತು ಕೊಕ್ಕೊ ಮಾರಾಟ ಹಾಗೂ ಸಂಸ್ಕರಣ ಸಹಕಾರಿ ಸಂಸ್ಥೆ ಎಂಬುದು ಆ ಹೆಸರಿನ ಅರ್ಥ. ಗ್ರಂಥಗಳಲ್ಲಿ ಕೋಕೋ ಎಂದು ಬರೆಯಲಾಗುವ ಬೆಳೆಯನ್ನು ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಭಾಗದ ಕೃಷಿಕರು ಸಾಮಾನ್ಯವಾಗಿ ಕೊಕ್ಕೊ ಎಂದು ಕರೆಯುತ್ತಾರೆ. ಈ ಲೇಖನದಲ್ಲಿಯೂ ಅದೇ ರೂಪವನ್ನು ಬಳಸಲಾಗಿದೆ.

ಕನ್ನಡದ ಆಡುಮಾತಿನಲ್ಲಿ ಚಾಕಲೇಟು ಎಂಬ ಪದದ ವ್ಯಾಪ್ತಿ ದೊಡ್ಡದು. ಕೊಕ್ಕೊ ಅಂಶವೇ ಇಲ್ಲದ, ಕಾಗದದಲ್ಲಿ ಸುತ್ತಿದ ಸಕ್ಕರೆ ಮಿಠಾಯಿ, ಪೆಪ್ಪರಮೆಂಟು ಮತ್ತು ಟಾಫಿಗಳನ್ನೂ ಚಾಕಲೇಟು ಎಂದೇ ಕರೆಯುವುದುಂಟು. ಮಕ್ಕಳ ಕೈಗೆ ಕಡಿಮೆ ಬೆಲೆಗೆ ಸಿಗುತ್ತಿದ್ದ ಕಮರಕಟ್ಟು, ಕಡಲೆಮಿಠಾಯಿ, ಕೊಬ್ಬರಿ ಮಿಠಾಯಿಗಳ ಸಾಲಿಗೆ ಈ ಹೊಸ ತಿನಿಸು ಸೇರಿಕೊಂಡಿತು. ಆಹಾರ ತಂತ್ರಜ್ಞಾನದ ಪರಿಭಾಷೆಯಲ್ಲಾದರೋ ಕೊಕ್ಕೊ ಬೀಜದ ಘನಾಂಶ ಮತ್ತು ಕೊಕ್ಕೊ ಬೆಣ್ಣೆಯಿಂದ ಮಾಡಿದುದನ್ನು ಮಾತ್ರ ಚಾಕೊಲೇಟ್ ಎನ್ನಲಾಗುತ್ತದೆ. ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬನ್ನು ಬಳಸಿ ಮಾಡಿದುದು ಕಾಂಪೌಂಡ್ ಎನಿಸಿಕೊಳ್ಳುತ್ತದೆ.

ಹಿನ್ನೆಲೆ: ಚಾಕೊಲೇಟ್ ಬಾರ್‌ನ ಹುಟ್ಟು

ಕೊಕ್ಕೊ ಮರದ ಸಸ್ಯಶಾಸ್ತ್ರೀಯ ಹೆಸರು ಥಿಯೋಬ್ರೋಮ ಕಕಾವೊ. ಥಿಯೋಬ್ರೋಮ ಎಂದರೆ ಗ್ರೀಕ್ ಭಾಷೆಯಲ್ಲಿ ದೇವತೆಗಳ ಆಹಾರ. ಇದು ದಕ್ಷಿಣ ಮತ್ತು ಮಧ್ಯ ಅಮೆರಿಕದ ಮೂಲದ ಮರ. ಅಲ್ಲಿನ ಮಾಯಾ ಮತ್ತು ಅಜ್ಟೆಕ್ ಜನರು ಇದರ ಬೀಜವನ್ನು ಅರೆದು ಪಾನೀಯವಾಗಿ ಬಳಸುತ್ತಿದ್ದರು. ಸ್ಪೇನ್ ದೇಶದವರ ಮೂಲಕ ಯುರೋಪನ್ನು ತಲುಪಿದ ಬಳಿಕವೂ ಬಹುಕಾಲ ಚಾಕೊಲೇಟ್ ಎಂದರೆ ಕುಡಿಯುವ ವಸ್ತುವೇ ಆಗಿತ್ತು.

ಕುಡಿಯುವ ಚಾಕೊಲೇಟ್ ತಿನ್ನುವ ಬಾರ್ ಆಗಲು ಹತ್ತೊಂಬತ್ತನೆಯ ಶತಮಾನದ ನಾಲ್ಕು ಸುಧಾರಣೆಗಳು ಕಾರಣವಾದವು. 1828ರಲ್ಲಿ ನೆದರ್ಲೆಂಡ್ಸ್‌ನ ವ್ಯಾನ್ ಹೌಟೆನ್ ಮನೆತನದವರು ಅರೆದ ಬೀಜವನ್ನು ಒತ್ತಿ ಕೊಬ್ಬನ್ನು ಬೇರ್ಪಡಿಸುವ ಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆದರು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಸಂಸ್ಥೆಯು ಕೊಕ್ಕೊ ಪುಡಿ, ಸಕ್ಕರೆ ಮತ್ತು ಕರಗಿಸಿದ ಕೊಕ್ಕೊ ಬೆಣ್ಣೆಯನ್ನು ಬೆರೆಸಿ ಅಚ್ಚಿಗೆ ಹೊಯ್ದು ಬಾರ್ ತಯಾರಿಸಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲು ಬೆರೆತ ಚಾಕೊಲೇಟನ್ನು ರೂಪಿಸಿದರು. 1879ರಲ್ಲಿ ಅದೇ ದೇಶದ ರೋಡಾಲ್ಫ್ ಲಿಂಟ್ ಚಾಕೊಲೇಟ್ ದ್ರವವನ್ನು ಬಹುಹೊತ್ತು ಕಡೆದು ನುಣುಪುಗೊಳಿಸುವ ಕಾಂಚಿಂಗ್ ವಿಧಾನವನ್ನು ಕಂಡುಹಿಡಿದರು.

ಈ ತಳಹದಿಯ ಮೇಲೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂದಿಗೂ ಮಾರಾಟದಲ್ಲಿರುವ ಅನೇಕ ಬಾರ್‌ಗಳು ಹುಟ್ಟಿದವು:

• 1900 – ಹರ್ಷೀಸ್ ಹಾಲಿನ ಚಾಕೊಲೇಟ್ (ಅಮೆರಿಕ)
• 1905 – ಕ್ಯಾಡ್ಬರಿ ಡೈರಿ ಮಿಲ್ಕ್ (ಇಂಗ್ಲೆಂಡ್)
• 1908 – ಟೋಬ್ಲರೋನ್ (ಸ್ವಿಟ್ಜರ್ಲೆಂಡ್)
• 1930 – ಸ್ನಿಕರ್ಸ್ (ಅಮೆರಿಕ)
• 1932 – ಮಾರ್ಸ್ (ಇಂಗ್ಲೆಂಡ್)
• 1935 – ರೌಂಟ್ರೀಸ್ ಚಾಕೊಲೇಟ್ ಕ್ರಿಸ್ಪ್ (ಇಂಗ್ಲೆಂಡ್). 1937ರಿಂದ ಕಿಟ್‌ಕ್ಯಾಟ್ ಎಂಬ ಹೆಸರು

ಇವೆಲ್ಲವೂ ಕೊಕ್ಕೊ ಬೆಳೆಯದ ದೇಶಗಳಲ್ಲಿ ರೂಪುಗೊಂಡವು. ಬೀಜದ ಬೆಲೆ ನಿರ್ಧಾರವಾಗುತ್ತಿದ್ದುದು ಲಂಡನ್ ಮತ್ತು ನ್ಯೂಯಾರ್ಕ್ ವಿನಿಮಯ ಕೇಂದ್ರಗಳಲ್ಲಿ. ಬೀಜವನ್ನು ಬೆಳೆದ ಪಶ್ಚಿಮ ಆಫ್ರಿಕಾದ ಸಣ್ಣ ಕೃಷಿಕರ ಪಾಲಿಗೆ ಕಾರ್ಖಾನೆಯಾಗಲಿ ಮಾರಾಟದ ಮೇಲಿನ ಹಿಡಿತವಾಗಲಿ ಇರಲಿಲ್ಲ.

ಭಾರತದಲ್ಲಿ ಚಾಕೊಲೇಟ್

ಭಾರತಕ್ಕೆ ಕೊಕ್ಕೊ ಸಸಿಗಳು 1798ರಲ್ಲಿ ಬಂದವು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂದಿನ ತಮಿಳುನಾಡಿನ ಕುತ್ತಾಲಂನಲ್ಲಿ ಅವನ್ನು ನೆಡಲಾಯಿತು. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ವಾಣಿಜ್ಯ ಬೆಳೆಯಾಗಿ ಬೆಳೆಯಲಿಲ್ಲ.

ಕ್ಯಾಡ್ಬರಿ ಸಂಸ್ಥೆಯು 1948ರಲ್ಲಿ ಭಾರತದಲ್ಲಿ ತನ್ನ ವ್ಯವಹಾರವನ್ನು ಆರಂಭಿಸಿತು. ಮೊದಲು ಆಮದು ಮಾಡಿದ ಚಾಕೊಲೇಟನ್ನು ಮಾರುತ್ತಿದ್ದ ಸಂಸ್ಥೆ ಬಳಿಕ ಇಲ್ಲಿಯೇ ತಯಾರಿಕೆ ಕೈಗೊಂಡಿತು. ಡೈರಿ ಮಿಲ್ಕ್‌ನ ಜೊತೆಗೆ 1968ರಲ್ಲಿ ಜೆಮ್ಸ್, 1969ರಲ್ಲಿ ಫೈವ್ ಸ್ಟಾರ್ ಮಾರುಕಟ್ಟೆಗೆ ಬಂದವು. 1970ರ ದಶಕದಲ್ಲಿ ಗುಜರಾತಿನ ಹಾಲು ಉತ್ಪಾದಕರ ಸಹಕಾರಿ ವ್ಯವಸ್ಥೆಯು ಅಮುಲ್ ಹೆಸರಿನಲ್ಲಿ ಚಾಕೊಲೇಟ್ ತಯಾರಿಸಲಾರಂಭಿಸಿತು. ಹೀಗೆ ಭಾರತದಲ್ಲಿ ಸಹಕಾರಿ ರಂಗದ ಎರಡು ಚಾಕೊಲೇಟ್‌ಗಳು ರೂಪುಗೊಂಡವು. ಅಮುಲ್ ಹಾಲಿನ ಕಡೆಯಿಂದ ಚಾಕೊಲೇಟಿಗೆ ಬಂದರೆ, ಕ್ಯಾಂಪ್ಕೊ ಕೊಕ್ಕೊ ಬೀಜದ ಕಡೆಯಿಂದ ಬಂದಿತು.

ಕರಾವಳಿಗೆ ಕೊಕ್ಕೊ ಬೆಳೆಯ ಆಗಮನ

1960ರ ದಶಕದಲ್ಲಿ ಆಮದಿನ ಮೇಲಿನ ಅವಲಂಬನೆಯನ್ನು ತಗ್ಗಿಸಲು ದೇಶದೊಳಗೆ ಕೊಕ್ಕೊ ಬೆಳೆಸುವ ಯತ್ನ ಆರಂಭವಾಯಿತು. 1965ರಲ್ಲಿ ಕ್ಯಾಡ್ಬರಿ ಸಂಸ್ಥೆಯು ಕೇರಳದ ವಯನಾಡಿನ ಚುಂಡಾಲೆಯಲ್ಲಿ ಪ್ರಾತ್ಯಕ್ಷಿಕೆ ತೋಟವನ್ನು ಮಾಡಿತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿ.ಪಿ.ಸಿ.ಆರ್.ಐ.) ಮತ್ತು ದಕ್ಷಿಣ ಕನ್ನಡದ ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರವು ಅಡಿಕೆ ಹಾಗೂ ತೆಂಗಿನ ತೋಟಗಳಲ್ಲಿ ಕೊಕ್ಕೊವನ್ನು ಮಿಶ್ರ ಬೆಳೆಯಾಗಿ ಬೆಳೆಯುವ ಕ್ರಮವನ್ನು ಅಧ್ಯಯನ ಮಾಡಿ ಪ್ರಚುರಪಡಿಸಿದವು.

ಕೊಕ್ಕೊ ನೆರಳನ್ನು ಸಹಿಸುವ ಮರ. ಅಡಿಕೆ ತೋಟದಲ್ಲಿ ಅದಕ್ಕೆ ನೆರಳು, ತೇವಾಂಶ ಮತ್ತು ಬೇಸಿಗೆಯ ನೀರಾವರಿ ಸಹಜವಾಗಿಯೇ ದೊರಕುತ್ತವೆ. 2.7 ಮೀಟರ್ ಅಂತರದ ಅಡಿಕೆ ಸಾಲುಗಳ ನಡುವೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, 2.7 × 5.4 ಮೀಟರ್ ಅಂತರದಲ್ಲಿ ಕೊಕ್ಕೊ ನೆಡಲು ಶಿಫಾರಸು ಮಾಡಲಾಗಿದೆ. ಪ್ರತ್ಯೇಕ ಭೂಮಿ ಬೇಕಿಲ್ಲ, ಉದುರಿದ ಎಲೆಗಳು ನೆಲಕ್ಕೆ ಗೊಬ್ಬರವಾಗುತ್ತವೆ, ಅಡಿಕೆಯ ಬೆಲೆ ಇಳಿದ ವರ್ಷ ಎರಡನೆಯ ಆದಾಯ ಸಿಗುತ್ತದೆ ಎಂಬ ಕಾರಣಗಳಿಂದ 1970ರ ದಶಕದಲ್ಲಿ ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ ಮತ್ತು ಕಾಸರಗೋಡು ಭಾಗಗಳ ತೋಟಗಳಿಗೆ ಈ ಬೆಳೆ ಹರಡಿತು.

ಕರ್ನಾಟಕದ ಎಲ್ಲ ಭಾಗಗಳಿಗೂ ಇದು ಒಗ್ಗುವ ಬೆಳೆಯಲ್ಲ. ಕೊಕ್ಕೊಗೆ ಹೆಚ್ಚು ಮಳೆ ಮತ್ತು ತೇವಭರಿತ ವಾತಾವರಣ ಅಗತ್ಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಬಯಲುಸೀಮೆಯ ತಾಲ್ಲೂಕುಗಳು ರಾಗಿ, ಹಿಪ್ಪುನೇರಳೆ, ಮಾವು ಮತ್ತು ತೆಂಗಿನ ನಾಡು. ಅಲ್ಲಿ ಚಾಕೊಲೇಟ್ ಎಂದರೆ ಅಂಗಡಿಯ ಸರಕು ಮಾತ್ರ. ಮಲೆನಾಡಿನ ಅಂಚಿನ ಹಾಗೂ ಕರಾವಳಿಯ ಅಡಿಕೆ ಪ್ರದೇಶದಲ್ಲಿ ಮಾತ್ರ ಅದು ತೋಟದ ಬೆಳೆಯೂ ಹೌದು.

ಕ್ಯಾಂಪ್ಕೊದ ಸ್ಥಾಪನೆ ಮತ್ತು ಕೊಕ್ಕೊ ಬೆಲೆ ಕುಸಿತ

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ತೀವ್ರವಾಗಿ ಕುಸಿದು ಬೆಳೆಗಾರರು ಸಂಕಷ್ಟಕ್ಕೊಳಗಾದರು. ಮಧ್ಯವರ್ತಿಗಳ ಹಿಡಿತದಲ್ಲಿದ್ದ ಮಾರುಕಟ್ಟೆಯಲ್ಲಿ ಬೆಳೆಗಾರರ ಪರವಾಗಿ ಕೊಳ್ಳುವ ಸಂಸ್ಥೆಯೊಂದರ ಅಗತ್ಯವನ್ನು ಮನಗಂಡು 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊವನ್ನು ಸ್ಥಾಪಿಸಲಾಯಿತು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ ಅದರ ಸ್ಥಾಪಕ ಅಧ್ಯಕ್ಷರು. ಅಡಿಕೆ ಬೆಳೆಯುವ ಪ್ರದೇಶವು ರಾಜ್ಯದ ಗಡಿಯ ಎರಡೂ ಕಡೆ ಹಬ್ಬಿದ್ದುದರಿಂದ ಸಂಸ್ಥೆಯನ್ನು ಕರ್ನಾಟಕ ಮತ್ತು ಕೇರಳ ರಾಜ್ಯಗಳ ಜಂಟಿ ಸಾಹಸವಾಗಿ ರೂಪಿಸಲಾಯಿತು.

ಇದೇ ಅವಧಿಯಲ್ಲಿ ಕೊಕ್ಕೊ ಬೆಲೆ ಏರುಮುಖವಾಗಿತ್ತು. 1977ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯ ಬೆಲೆ ಅಂದಿನವರೆಗಿನ ಅತ್ಯುನ್ನತ ಮಟ್ಟವನ್ನು ಮುಟ್ಟಿತು. ಕರಾವಳಿಯ ಅನೇಕ ಕೃಷಿಕರು ಕೊಕ್ಕೊ ಸಸಿ ನೆಟ್ಟದ್ದು ಈ ಏರಿಕೆಯ ಭರವಸೆಯಲ್ಲಿ. ಆದರೆ ಸಸಿಗಳು ಫಲ ಕೊಡುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ದಶಕದ ಕೊನೆಗೆ ಬೆಲೆ ಇಳಿಯತೊಡಗಿತು, ಖಾಸಗಿ ಖರೀದಿ ಕುಗ್ಗಿತು, ಹಸಿ ಬೀಜವನ್ನು ಕೊಳ್ಳುವವರಿಲ್ಲದಂತಾಯಿತು.

ಕೊಕ್ಕೊವಿನ ವಿಷಯದಲ್ಲಿ ಇದು ಅಡಿಕೆಯ ಬೆಲೆ ಕುಸಿತಕ್ಕಿಂತ ಹೆಚ್ಚು ಗಂಭೀರವಾದ ಸಮಸ್ಯೆ. ಒಣಗಿಸಿದ ಅಡಿಕೆಯನ್ನು ಅಟ್ಟದ ಮೇಲೆ ಇರಿಸಿ ಉತ್ತಮ ಬೆಲೆಗಾಗಿ ಕಾಯಬಹುದು. ಕಾಯಿ ಒಡೆದು ತೆಗೆದ ಹಸಿ ಕೊಕ್ಕೊ ಬೀಜ ಒಂದೆರಡು ದಿನಗಳಲ್ಲೇ ಕೆಡುತ್ತದೆ. ಅಡಿಕೆಗೆ ಮನೆಮನೆಯ ಬಳಕೆಯಿದೆ. ಕೊಕ್ಕೊ ಬೀಜವನ್ನು ಬೆಳೆದವನು ತನ್ನ ಮನೆಯಲ್ಲಿ ಬಳಸುವಂತಿಲ್ಲ. ಕಾರ್ಖಾನೆ ಕೊಳ್ಳದಿದ್ದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ನಿರಾಶರಾದ ಅನೇಕರು ತೋಟದಲ್ಲಿದ್ದ ಕೊಕ್ಕೊ ಮರಗಳನ್ನು ಕಡಿದುಹಾಕಿದರು.

1979–80ರ ವೇಳೆಗೆ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಸಂಸ್ಥೆಯ ಹೆಸರಿನಲ್ಲಿ ಅಡಿಕೆಯ ಜೊತೆಗೆ ಕೊಕ್ಕೊ ಸೇರಿದುದಕ್ಕೆ ಈ ಹೊಣೆಯೇ ಕಾರಣ. ಖರೀದಿಯಿಂದ ತಕ್ಷಣದ ಸಂಕಟ ನೀಗಿದರೂ ಮೂಲ ಪ್ರಶ್ನೆ ಉಳಿದಿತ್ತು. ಕೊಂಡ ಬೀಜವನ್ನು ಸಂಸ್ಥೆಯೂ ಯಾರಿಗಾದರೂ ಮಾರಲೇಬೇಕಿತ್ತು. ಬೀಜ ಕೊಳ್ಳುವ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಇದ್ದವು. ಸ್ವಂತ ಕಾರ್ಖಾನೆಯ ಯೋಜನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ.

ಪುತ್ತೂರಿನ ಕಾರ್ಖಾನೆ

ಕಾರ್ಖಾನೆಗಾಗಿ ಕೊಕ್ಕೊ ಬೆಳೆಯುವ ಪ್ರದೇಶದ ನಡುವೆಯೇ ಇರುವ ಪುತ್ತೂರನ್ನು ಆರಿಸಿಕೊಳ್ಳಲಾಯಿತು. ಪಟ್ಟಣಕ್ಕೆ ಹೊಂದಿಕೊಂಡಿರುವ ಕೆಮ್ಮಿಂಜೆಯಲ್ಲಿ ನಿರ್ಮಾಣಗೊಂಡ ಘಟಕವನ್ನು 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಬೀಜವನ್ನು ಹುರಿಯುವುದರಿಂದ ಹಿಡಿದು ಸಿದ್ಧ ಬಾರ್ ಅನ್ನು ಹೊದಿಕೆಯಲ್ಲಿ ಸುತ್ತುವವರೆಗಿನ ಎಲ್ಲ ಹಂತಗಳನ್ನೂ ಒಂದೇ ಆವರಣದಲ್ಲಿ ನಡೆಸಲು ಅನುಕೂಲವಾಗುವಂತೆ ಇದನ್ನು ರೂಪಿಸಲಾಗಿದೆ.

ಬೆಳೆಗಾರರ ಸಂಸ್ಥೆಗೆ ತಯಾರಿಕೆಗಿಂತ ಮಾರಾಟವೇ ಹೆಚ್ಚು ಕಠಿಣವಾದ ಕೆಲಸವಾಗಿತ್ತು. ಚಾಕೊಲೇಟ್ ಮಾರುಕಟ್ಟೆಯಲ್ಲಿ ಜಾಹೀರಾತು, ದೇಶವ್ಯಾಪಿ ವಿತರಣಾ ಜಾಲ ಮತ್ತು ಅಂಗಡಿಗಳಲ್ಲಿ ತಂಪುಪೆಟ್ಟಿಗೆಯ ವ್ಯವಸ್ಥೆ ಇವು ಮಾರಾಟವನ್ನು ನಿರ್ಧರಿಸುತ್ತವೆ. ಬಹುರಾಷ್ಟ್ರೀಯ ಸಂಸ್ಥೆಗಳಿಗೆ ಈ ಮೂರರಲ್ಲೂ ದಶಕಗಳ ಅನುಭವವಿತ್ತು. ಆದ್ದರಿಂದ ಕ್ಯಾಂಪ್ಕೊ ತನ್ನ ಹೆಸರಿನ ಬಾರ್‌ಗಳ ಜೊತೆಗೆ ಬೇರೆ ಸಂಸ್ಥೆಗಳಿಗೆ ತಯಾರಿಸಿ ಕೊಡುವ ದಾರಿಯನ್ನೂ ಹಿಡಿಯಿತು. 1990ರಲ್ಲಿ ಭಾರತದ ಚಾಕೊಲೇಟ್ ಮಾರುಕಟ್ಟೆಯನ್ನು ಪ್ರವೇಶಿಸಿದ ನೆಸ್ಲೆ ಸಂಸ್ಥೆಗಾಗಿ ಪುತ್ತೂರಿನ ಕಾರ್ಖಾನೆಯಲ್ಲಿ ಚಾಕೊಲೇಟ್ ತಯಾರಾಗುತ್ತಿತ್ತು. ನೆಸ್ಲೆ 1995ರಲ್ಲಿ ಗೋವಾದ ಪೋಂಡಾದಲ್ಲಿ ತನ್ನದೇ ಕಾರ್ಖಾನೆಯನ್ನು ಆರಂಭಿಸಿತು.

ಹೀಗೆ ಬೇರೆಯವರ ಹೆಸರಿನಲ್ಲಿ ತಯಾರಿಸುವುದರಿಂದ ಯಂತ್ರಗಳು ಬಿಡುವಿಲ್ಲದೆ ನಡೆಯುತ್ತವೆ, ಬೀಜಕ್ಕೆ ಖಚಿತ ಬಳಕೆ ದೊರಕುತ್ತದೆ. ಆದರೆ ಅಂಗಡಿಯಲ್ಲಿ ಗ್ರಾಹಕರಿಗೆ ಕಾಣುವುದು ತಯಾರಿಸಿದವರ ಹೆಸರಲ್ಲ. ಕ್ಯಾಂಪ್ಕೊ ಬಾರ್‌ಗಳ ಪರಿಚಯ ಕರಾವಳಿಯಲ್ಲಿ ಹೆಚ್ಚಾಗಿಯೂ ಉಳಿದ ಕಡೆ ಕಡಿಮೆಯಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ.

ತಯಾರಿಕೆಯ ಹಂತಗಳು

ತೋಟದಲ್ಲಿ

ಕೊಕ್ಕೊ ಹೂವು ಮತ್ತು ಕಾಯಿಗಳು ಎಳೆಯ ರೆಂಬೆಗಳ ತುದಿಯಲ್ಲಿ ಬಿಡದೆ ಕಾಂಡ ಮತ್ತು ಬಲಿತ ಕೊಂಬೆಗಳ ಮೇಲೆಯೇ ಬಿಡುತ್ತವೆ. ಹೂವು ಕಾಯಿಗಟ್ಟಿ ಹಣ್ಣಾಗಲು ಐದರಿಂದ ಆರು ತಿಂಗಳು ಬೇಕು. ಒಂದು ಕಾಯಿಯಲ್ಲಿ ಬಿಳಿಯ ಸಿಹಿ ತಿರುಳಿನಿಂದ ಆವೃತವಾದ ಸುಮಾರು 30ರಿಂದ 40 ಬೀಜಗಳಿರುತ್ತವೆ. ಈ ತಿರುಳಿನ ಸಿಹಿಗೆ ಅಳಿಲು, ಇಲಿ ಮತ್ತು ಮಂಗಗಳು ಮುತ್ತುವುದರಿಂದ ಬೆಳೆನಷ್ಟವಾಗುತ್ತದೆ. ಮಳೆಗಾಲದಲ್ಲಿ ಫೈಟಾಫ್ತೊರಾ ರೋಗಾಣುವಿನಿಂದ ಕಾಯಿ ಕಪ್ಪಾಗಿ ಕೊಳೆಯುವ ರೋಗ ಕಾಣಿಸಿಕೊಳ್ಳುತ್ತದೆ.

ಹುದುಗು ಮತ್ತು ಒಣಗಿಸುವಿಕೆ

ಹಸಿ ಬೀಜಕ್ಕೆ ಚಾಕೊಲೇಟಿನ ಪರಿಮಳವಾಗಲಿ ರುಚಿಯಾಗಲಿ ಇರುವುದಿಲ್ಲ. ಅದನ್ನು ಬುಟ್ಟಿ ಅಥವಾ ಮರದ ಪೆಟ್ಟಿಗೆಗಳಲ್ಲಿ ರಾಶಿ ಹಾಕಿ ಐದಾರು ದಿನ ಹುದುಗು ಬರಿಸಬೇಕು. ನಡುನಡುವೆ ರಾಶಿಯನ್ನು ಮಗುಚಬೇಕು. ತಿರುಳಿನ ಸಕ್ಕರೆ ಹುಳಿಯುವಾಗ ಹುಟ್ಟುವ ಶಾಖ ಮತ್ತು ಆಮ್ಲ ಬೀಜದೊಳಗೆ ಇಳಿದು ಕಹಿಯನ್ನು ತಗ್ಗಿಸುತ್ತವೆ, ಪರಿಮಳದ ಮೂಲದ್ರವ್ಯಗಳನ್ನು ಉಂಟುಮಾಡುತ್ತವೆ. ಬಳಿಕ ತೇವಾಂಶ ಸುಮಾರು ಶೇ. 7ಕ್ಕೆ ಇಳಿಯುವವರೆಗೆ ಒಣಗಿಸಲಾಗುತ್ತದೆ. ಸುಮಾರು ಮೂರು ಕಿಲೊ ಹಸಿ ಬೀಜದಿಂದ ಒಂದು ಕಿಲೊ ಒಣ ಬೀಜ ದೊರೆಯುತ್ತದೆ.

ಕರಾವಳಿಯ ದೀರ್ಘ ಮಳೆಗಾಲದಲ್ಲಿ ಸಣ್ಣ ಕೃಷಿಕರಿಗೆ ಬೀಜ ಒಣಗಿಸುವುದು ಕಷ್ಟ. ಜೊತೆಗೆ ಪ್ರತಿಯೊಬ್ಬರ ಬಳಿಯೂ ಇರುವ ಕೆಲವೇ ಕಿಲೊ ಬೀಜವನ್ನು ಪ್ರತ್ಯೇಕವಾಗಿ ಹುದುಗು ಬರಿಸಿದರೆ ಗುಣಮಟ್ಟ ಒಂದೇ ತೆರನಾಗಿ ಇರುವುದಿಲ್ಲ. ಆದುದರಿಂದ ಕ್ಯಾಂಪ್ಕೊ ತನ್ನ ಖರೀದಿ ಕೇಂದ್ರಗಳಲ್ಲಿ ಹಸಿ ಬೀಜವನ್ನೇ ಕೊಂಡು, ಹುದುಗು ಮತ್ತು ಒಣಗಿಸುವ ಕೆಲಸವನ್ನು ತಾನೇ ನಿರ್ವಹಿಸುವ ಪದ್ಧತಿಯನ್ನು ಬೆಳೆಸಿತು. ಸಣ್ಣ ಹಿಡುವಳಿಯವರು ಈ ಬೆಳೆಯನ್ನು ಉಳಿಸಿಕೊಳ್ಳಲು ಈ ವ್ಯವಸ್ಥೆ ಮುಖ್ಯ ಆಧಾರವಾಗಿದೆ.

ಕಾರ್ಖಾನೆಯಲ್ಲಿ

ಒಣ ಬೀಜವನ್ನು ಹುರಿದು, ಸಿಪ್ಪೆಯನ್ನು ತೂರಿ ತೆಗೆದರೆ ಉಳಿಯುವುದು ಬೀಜದ ನುಚ್ಚು. ಇದರಲ್ಲಿ ಅರ್ಧದಷ್ಟು ಕೊಬ್ಬಿನಂಶವಿರುವುದರಿಂದ ಅರೆಯುವಾಗ ಅದು ಹಿಟ್ಟಾಗದೆ ಗಟ್ಟಿಯಾದ ದ್ರವವಾಗುತ್ತದೆ. ಇದಕ್ಕೆ ಕೊಕ್ಕೊ ಮಾಸ್ ಎಂದು ಹೆಸರು. ಇದನ್ನು ಯಂತ್ರದಲ್ಲಿ ಒತ್ತಿದಾಗ ಕೊಕ್ಕೊ ಬೆಣ್ಣೆ ಬೇರ್ಪಟ್ಟು ಹಿಂಡಿ ಉಳಿಯುತ್ತದೆ. ಹಿಂಡಿಯನ್ನು ಪುಡಿ ಮಾಡಿದರೆ ಕೊಕ್ಕೊ ಪುಡಿ.

ಹಾಲಿನ ಚಾಕೊಲೇಟ್ ತಯಾರಿಸಲು ಕೊಕ್ಕೊ ಮಾಸ್, ಕೊಕ್ಕೊ ಬೆಣ್ಣೆ, ಸಕ್ಕರೆ ಮತ್ತು ಹಾಲಿನ ಪುಡಿಯನ್ನು ಬೆರೆಸಿ, ನಾಲಗೆಗೆ ತರಿ ತಿಳಿಯದಷ್ಟು ನಯವಾಗುವವರೆಗೆ ಉರುಳೆಗಳ ನಡುವೆ ಅರೆಯಲಾಗುತ್ತದೆ. ಅನಂತರ ಕಾಂಚಿಂಗ್ ನಡೆಯುತ್ತದೆ. ಕೊನೆಯ ಮುಖ್ಯ ಹಂತ ಟೆಂಪರಿಂಗ್, ಅಂದರೆ ಉಷ್ಣತೆಯನ್ನು ನಿಯಂತ್ರಿತವಾಗಿ ಇಳಿಸಿ ಏರಿಸಿ ಕೊಕ್ಕೊ ಬೆಣ್ಣೆಯು ಸರಿಯಾದ ಹರಳಿನ ರೂಪದಲ್ಲಿ ಗಟ್ಟಿಯಾಗುವಂತೆ ಮಾಡುವುದು. ಟೆಂಪರಿಂಗ್ ಸರಿಯಾದ ಬಾರ್ ಹೊಳೆಯುತ್ತದೆ, ಮುರಿದಾಗ ಟಕ್ಕೆಂದು ಸದ್ದು ಮಾಡುತ್ತದೆ, ಬಾಯಲ್ಲಿ ಬೇಗ ಕರಗುತ್ತದೆ.

ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ದೇಹದ ಉಷ್ಣತೆಗಿಂತ ಇದು ಸ್ವಲ್ಪ ಕಡಿಮೆ ಇರುವುದೇ ಚಾಕೊಲೇಟ್ ಬಾಯಲ್ಲಿ ಕರಗುವುದಕ್ಕೆ ಕಾರಣ. ಭಾರತದ ಬೇಸಿಗೆಯಲ್ಲಿ ಇದೇ ಗುಣ ತೊಡಕಾಗುತ್ತದೆ. ಸಾಗಾಟದಲ್ಲಿ ಕರಗಿ ಮತ್ತೆ ಗಟ್ಟಿಯಾದ ಬಾರ್‌ನ ಮೇಲೆ ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ಇದು ಬೂಷ್ಟಲ್ಲ, ಮೇಲಕ್ಕೆ ಬಂದ ಕೊಬ್ಬಿನ ಹರಳು. ಇದರಿಂದ ಹಾನಿಯಿಲ್ಲದಿದ್ದರೂ ನೋಟ ಮತ್ತು ನುಣುಪು ಕೆಡುತ್ತವೆ.

ಉತ್ಪನ್ನಗಳು

ಕ್ಯಾಂಪ್ಕೊ ಹೆಸರಿನಲ್ಲಿ ಮಾರಾಟವಾಗುವ ಹಾಗೂ ಮಾರಾಟವಾಗಿರುವ ಉತ್ಪನ್ನಗಳಲ್ಲಿ ಕೆಲವು ಹೀಗಿವೆ:

• ಕ್ಯಾಂಪ್ಕೊ ಬಾರ್ – ಸಂಸ್ಥೆಯ ಹೆಸರನ್ನೇ ಹೊತ್ತ ಹಾಲಿನ ಚಾಕೊಲೇಟ್
• ಕ್ರೀಮ್, ಟ್ರೀಟ್, ಟರ್ಬೊ, ಪ್ಲೇಟೈಮ್ – ಬಾರ್ ಹಾಗೂ ಸಣ್ಣ ಗಾತ್ರದ ಚಾಕೊಲೇಟ್ ತಿನಿಸುಗಳು
• ಮೆಲ್ಟೊ – ಎಕ್ಲೇರ್ ಮಾದರಿಯ ಮಿಠಾಯಿ
• ವಿನ್ನರ್ – ಹಾಲಿಗೆ ಬೆರೆಸಿ ಕುಡಿಯುವ ಚಾಕೊಲೇಟ್ ಪುಡಿ
• ಕೊಕ್ಕೊ ಮಾಸ್, ಕೊಕ್ಕೊ ಬೆಣ್ಣೆ, ಕೊಕ್ಕೊ ಪುಡಿ – ಬಿಸ್ಕತ್ತು, ಐಸ್‌ಕ್ರೀಮ್ ಮತ್ತು ಮಿಠಾಯಿ ತಯಾರಕರಿಗೆ ಬೇಕಾದ ಕೈಗಾರಿಕಾ ಸರಕು

ಕೈಗಾರಿಕಾ ಸರಕಿನ ಮಾರಾಟ ಸಾಮಾನ್ಯ ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲ. ಆದರೆ ಕೊಂಡ ಬೀಜವೆಲ್ಲವೂ ಬಾರ್ ಆಗಿಯೇ ಮಾರಾಟವಾಗಬೇಕೆಂಬ ಒತ್ತಡವನ್ನು ಅದು ತಗ್ಗಿಸುತ್ತದೆ.

ಮಾರುಕಟ್ಟೆ ಮತ್ತು ಬೆಲೆಯ ಏರಿಳಿತ

ಭಾರತದ ಚಾಕೊಲೇಟ್ ಮಾರುಕಟ್ಟೆಯಲ್ಲಿ ಹಿಂದೆ ಕ್ಯಾಡ್ಬರಿ ಇಂಡಿಯಾ ಎಂದಿದ್ದು 2014ರಲ್ಲಿ ಮಾಂಡಲೀಜ್ ಇಂಡಿಯಾ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯದೇ ಮೇಲುಗೈ. ನೆಸ್ಲೆ, ಫೆರೆರೊ, ಮಾರ್ಸ್ ಮತ್ತು ಅಮುಲ್ ಇತರ ಪ್ರಮುಖ ತಯಾರಕರು. ಇವುಗಳ ಮುಂದೆ ಕ್ಯಾಂಪ್ಕೊದ ಪಾಲು ಚಿಕ್ಕದು. ಆದರೆ ಒಂದು ಲಕ್ಷಕ್ಕೂ ಹೆಚ್ಚು ಬೆಳೆಗಾರ ಸದಸ್ಯರಿರುವ ಸಂಸ್ಥೆಯ ಪಾಲಿಗೆ ಕಾರ್ಖಾನೆಯ ಉಪಯೋಗವನ್ನು ಬಾರ್‌ಗಳ ಮಾರಾಟದಿಂದಷ್ಟೇ ಅಳೆಯಲಾಗದು. ನಿರಂತರವಾಗಿ ಬೀಜ ಕೊಳ್ಳುವ ಸಂಸ್ಥೆಯೊಂದು ಮಾರುಕಟ್ಟೆಯಲ್ಲಿ ಇದ್ದರೆ ಇತರ ಖರೀದಿದಾರರೂ ಅದರ ದರವನ್ನು ಗಮನಿಸಬೇಕಾಗುತ್ತದೆ. ಬೆಳೆಗಾರನಿಗೆ ಮಾರಲು ಎರಡನೆಯ ಬಾಗಿಲು ತೆರೆದಿರುತ್ತದೆ.

ಜಗತ್ತಿನ ಕೊಕ್ಕೊ ಉತ್ಪಾದನೆಯ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕಾದ ಕೋಟ್ ಡಿ ಐವರಿ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಭಾರತದಲ್ಲಿ ಆಂಧ್ರಪ್ರದೇಶ, ಕೇರಳ, ಕರ್ನಾಟಕ ಮತ್ತು ತಮಿಳುನಾಡು ಕೊಕ್ಕೊ ಬೆಳೆಯುವ ರಾಜ್ಯಗಳು. ಇವುಗಳಲ್ಲಿ ಆಂಧ್ರಪ್ರದೇಶ ಮುಂದಿದೆ. ದೇಶದ ಉತ್ಪಾದನೆ ಇಲ್ಲಿನ ಕಾರ್ಖಾನೆಗಳ ಬೇಡಿಕೆಗೆ ಸಾಲದಿರುವುದರಿಂದ ಕೊಕ್ಕೊ ಬೀಜ ಮತ್ತು ಅದರ ಉತ್ಪನ್ನಗಳು ದೊಡ್ಡ ಪ್ರಮಾಣದಲ್ಲಿ ಆಮದಾಗುತ್ತವೆ.

ಹವಾಮಾನ ವೈಪರೀತ್ಯ ಮತ್ತು ರೋಗಗಳಿಂದ ಪಶ್ಚಿಮ ಆಫ್ರಿಕಾದ ಫಸಲು ಕುಸಿದ ಪರಿಣಾಮವಾಗಿ 2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಬೆಲೆಯು 1977ರ ದಾಖಲೆಯನ್ನು ಮೀರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು, ಡಿಸೆಂಬರ್‌ನಲ್ಲಿ 12,000 ಡಾಲರ್‌ಗೂ ಮೇಲೇರಿತು. ಕರಾವಳಿಯಲ್ಲಿಯೂ ಹಸಿ ಮತ್ತು ಒಣ ಬೀಜದ ದರ ಹಿಂದೆಂದೂ ಇಲ್ಲದ ಮಟ್ಟಕ್ಕೆ ಏರಿ, ಕೊಕ್ಕೊ ಸಸಿಗಳಿಗೆ ಮತ್ತೆ ಬೇಡಿಕೆ ಬಂದಿತು. 2025ರಲ್ಲಿ ಬೆಲೆ ಮತ್ತೆ ಗಣನೀಯವಾಗಿ ಇಳಿಯಿತು.

ಏರಿದ ಬೆಲೆಯಿಂದ ಬೆಳೆಗಾರನಿಗೆ ಲಾಭ, ಚಾಕೊಲೇಟ್ ತಯಾರಕನಿಗೆ ಹೊರೆ. ಕ್ಯಾಂಪ್ಕೊ ಏಕಕಾಲದಲ್ಲಿ ಎರಡೂ ಸ್ಥಾನಗಳಲ್ಲಿರುವ ಸಂಸ್ಥೆ. ಸದಸ್ಯರ ಬೀಜಕ್ಕೆ ಹೆಚ್ಚು ಬೆಲೆ ಕೊಡುವುದು ಅದರ ಉದ್ದೇಶ. ಬಾರ್‌ನ ಬೆಲೆಯನ್ನು ಗ್ರಾಹಕರ ಕೈಗೆಟುಕುವಂತೆ ಇರಿಸುವುದು ಅದರ ಕಾರ್ಖಾನೆಯ ಅಗತ್ಯ. ಖಾಸಗಿ ತಯಾರಕರಿಗೆ ಬೀಜದ ದರ ಬರಿಯ ವೆಚ್ಚವಾದರೆ, ಸಹಕಾರಿ ಕಾರ್ಖಾನೆಗೆ ಅದು ತನ್ನ ಸದಸ್ಯರ ಆದಾಯವೂ ಹೌದು. ಈ ಎರಡರ ನಡುವಿನ ಸಮತೋಲನವೇ ಸಂಸ್ಥೆಯ ನಿರಂತರ ಸವಾಲಾಗಿದೆ.

ಮಹತ್ವ

ಕೊಕ್ಕೊ ಬೆಳೆಯುವ ಬಹುತೇಕ ದೇಶಗಳಲ್ಲಿ ಕೃಷಿಕರು ಬೀಜ ಮಾರುವಲ್ಲಿಗೆ ಅವರ ಪಾತ್ರ ಮುಗಿಯುತ್ತದೆ. ಬೀಜಕ್ಕೆ ಮೌಲ್ಯ ಸೇರುವ ಹುರಿಯುವಿಕೆ, ಬೆರೆಸುವಿಕೆ ಮತ್ತು ಮಾರಾಟದ ಹಂತಗಳೆಲ್ಲ ಬೇರೆ ಕಡೆ ನಡೆಯುತ್ತವೆ. ಪುತ್ತೂರಿನಲ್ಲಿ ಈ ಹಂತಗಳನ್ನು ಬೆಳೆಗಾರರ ಸಂಸ್ಥೆಯೇ ತೋಟಗಳ ಸಮೀಪದಲ್ಲಿ ನಡೆಸುತ್ತಿದೆ. ಬಹುರಾಷ್ಟ್ರೀಯ ಸಂಸ್ಥೆಗಳ ಸ್ಪರ್ಧೆಯ ನಡುವೆ ಈ ಪ್ರಯೋಗವು ನಾಲ್ಕು ದಶಕಗಳ ಕಾಲ ಉಳಿದು ಬಂದಿದೆ. 1980ರ ಸುಮಾರಿಗೆ ಮರ ಕಡಿಯುವ ಹಂತಕ್ಕೆ ಬಂದಿದ್ದ ಬೆಳೆಯೊಂದು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೋಟಗಳಲ್ಲಿ ಇಂದಿಗೂ ಉಳಿದಿರುವುದರಲ್ಲಿ ಈ ಖರೀದಿ ಮತ್ತು ಕಾರ್ಖಾನೆಯ ಪಾತ್ರ ದೊಡ್ಡದು.

ಕಾಲಾನುಕ್ರಮ

• 1798 – ಕುತ್ತಾಲಂನಲ್ಲಿ ಕೊಕ್ಕೊ ಸಸಿಗಳ ನಾಟಿ
• 1847 – ಬ್ರಿಸ್ಟಲ್‌ನಲ್ಲಿ ಫ್ರೈ ಸಂಸ್ಥೆಯಿಂದ ಚಾಕೊಲೇಟ್ ಬಾರ್ ತಯಾರಿ
• 1948 – ಭಾರತದಲ್ಲಿ ಕ್ಯಾಡ್ಬರಿ ವ್ಯವಹಾರದ ಆರಂಭ
• 1965 – ವಯನಾಡಿನ ಚುಂಡಾಲೆಯಲ್ಲಿ ಕೊಕ್ಕೊ ಪ್ರಾತ್ಯಕ್ಷಿಕೆ ತೋಟ
• 1973 – ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆ
• 1977 – ಕೊಕ್ಕೊ ಬೆಲೆ ಅಂದಿನ ದಾಖಲೆ ಮಟ್ಟಕ್ಕೆ
• 1979–80 – ಕ್ಯಾಂಪ್ಕೊದಿಂದ ಕೊಕ್ಕೊ ಖರೀದಿ
• 1986 – ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯ ಉದ್ಘಾಟನೆ
• 2024 – ಕೊಕ್ಕೊ ಬೆಲೆಯಲ್ಲಿ ಹೊಸ ದಾಖಲೆ

ಇವನ್ನೂ ನೋಡಿ

• ಕೊಕ್ಕೊ
• ಅಡಿಕೆ
• ಪುತ್ತೂರು
• ವಾರಣಾಶಿ ಸುಬ್ರಾಯ ಭಟ್
• ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಕಾಸರಗೋಡು
• ಭಾರತದಲ್ಲಿ ಸಹಕಾರಿ ಚಳವಳಿ